ಅವನ ಸೋತ ಮಾರಿ ನೋಡೋ ಆಸಿ

ಹೊಟ್ಟೆಕಿಚ್ಚಿನ ಮನಷ್ಯಾಗ ನಗೆಪಾಟಲಾಗಾಕ ಹೊರಗಿನವರು ಯಾರೂ ಬೇಕಾಗಿಲ್ರಿ, ತಾನೊಬ್ಬನೇ ಸಾಕು. ನಾ ಪಿ.ಟಿ. ಮಾಸ್ತರಾಗಿ ಇಪ್ಪತ್ತು ವರ್ಷದ ಮ್ಯಾಲಾತು, ವರ್ಷಕ್ಕೊಂದರೆ ಇಂಥಾದ್ದು ನಡದೇ ನಡೀತೈತಿ. ಮಂದಿ ಕೇಳಿ ನಗತಾರ. ನಾನೂ ನಗತೀನಿ, ಆದ್ರ ಎರಡು ದಿನ ತಡದು.

ನನ್ನ ಸಾಲಿ ಸಿಂಧನೂರು ಕಡೆ, ಕಾಲುವಿ ಬಗಲಿನ ಊರಾಗ ಐತಿ. ಸುತ್ತ ನೆಲ್ಲಿನ ಗದ್ದಿ, ನಡುವ ನಮ್ಮ ಮೈದಾನ. ನನ್ನ ಹೊಟ್ಟೆಕಿಚ್ಚು ಇರೋದು ಲಿಂಗಸುಗೂರು ಕಡೆ ಒಂದು ಹೈಸ್ಕೂಲಿನ ಪಿ.ಟಿ. ಮಾಸ್ತರನ ಮ್ಯಾಲೆ. ಇಬ್ರೂ ಒಂದೇ ಬ್ಯಾಚಿನ್ಯಾಗ ಕಲ್ತವರು, ಒಂದೇ ರೂಮಿನ್ಯಾಗ ಇದ್ದವರು. ನನ್ನ ಬೂಟು ಹಾಕ್ಕೊಂಡು ಓಡಿ ಅವ ಬಹುಮಾನ ತಗೊಂಡಾನ. ಈಗ ನೋಡಿದ್ರ ಅವನ ಬೇಸ್‌ಬಾಲ್ ಟೀಮು ಜಿಲ್ಲಾ ಗೆದ್ದು ವಿಭಾಗಕ್ಕ ಹೋಗತೈತಿ, ನನ್ನ ಟೀಮು ಜಿಲ್ಲಾಕ್ಕ ಹೋಗಿ ಊಟ ಮಾಡಿ ಬರತೈತಿ.

ಬೇಸ್‌ಬಾಲ್ ಅಂದ್ರ ಬಾಳ ತ್ರಾಸಿನ ಆಟ ಏನಲ್ಲ. ಒಬ್ಬವ ಬಾಲ್ ಒಗೀತಾನ, ಇನ್ನೊಬ್ಬವ ಬಡಿಗಿಯಂಥಾ ಬ್ಯಾಟಿಲೆ ಹೊಡದು ನಾಕು ಮೂಲಿ ಸುತ್ತಿ ಹೊಂಟಲ್ಲಿಗೇ ಬರತಾನ. ಆ ಮೂಲಿಗೆ ಬೇಸ್ ಅಂತಾರ, ಕಡೀ ಮೂಲಿಗೆ ಮನಿ ಅಂತ ಹೆಸರು. ಇಷ್ಟೇ ಆಟ. ಇದರಾಗ ಅವ ಯಾಕ ಗೆಲ್ತಾನ, ನಾ ಯಾಕ ಸೋಲ್ತೀನಿ ಅನ್ನೋದ ನನಗ ತಿಳೀವಲ್ದಾಗಿತ್ತು. ಸೋತಾಗ ಪ್ರತಿಸಲ ಅವ ನಕ್ಕೋತ ಬಂದು ಹೆಗಲ ಮ್ಯಾಲೆ ಕೈ ಹಾಕಿ, "ದೋಸ್ತ, ಈ ಸಲ ಚಲೋ ಆಡಿದ್ರು ನಿನ್ನ ಹುಡುಗ್ರು," ಅಂತಿದ್ದ. ಅದು ನನಗ ಇನ್ನೂ ಉರೀತಿತ್ತು. ನನಗ ಪ್ರಶಸ್ತಿ ಬೇಕಾಗಿರಲಿಲ್ಲ, ಬಡ್ತಿ ಬೇಕಾಗಿರಲಿಲ್ಲ. ನೌಕರಿ ಮುಗಿಯೋದ್ರಾಗ ಒಂದೇ ಒಂದು ಸಲ ಅವ ನನ್ನ ಮುಂದ ಸೋಲಬೇಕು, ಆ ಸೋತ ಮಾರಿ ನಾ ಕಣ್ಣಾರೆ ನೋಡಬೇಕು. ಖರೆ ಹೇಳತೀನಿ, ಅಷ್ಟೇ ಇತ್ತು ಆಸಿ.

೧. ಬೇಸ್ ಬಾಲ್

ನಮ್ಮ ಕಡೆ ಬೇಸ್ ಅಂದ್ರ ಚಲೋ ಅಂತ ಅರ್ಥ. ಊಟ ಬೇಸಿತ್ತು ಅಂತೀವಿ, ಮಳಿ ಬೇಸಾತು ಅಂತೀವಿ, ಹುಡುಗಿಗೆ ಬೇಸ್ ವರ ಸಿಕ್ತು ಅಂತೀವಿ. ಇದು ನನಗ ಗೊತ್ತಿರಲಾರದ್ದೇನಲ್ಲ. ಆದ್ರೂ ಬೇಸ್‌ಬಾಲ್ ಸುರು ಮಾಡಿದ ಮೊದಲನೇ ವರ್ಷ ಹೆಡ್‌ಮಾಸ್ತರಿಗೆ ಒಂದು ಚೀಟಿ ಬರದೆ, ಸಾಲಿಗೆ ಒಂದು ಬೇಸ್ ಬಾಲ್ ತರಸಿಕೊಡ್ರಿ ಅಂತ.

ಹೆಡ್‌ಮಾಸ್ತರ್ರು ಕರದು ಕೇಳಿದ್ರು. "ಮಾಸ್ತರ, ಇರೋ ಬಾಲಿಗೆ ಏನಾಗೈತಿ? ಅದೂ ಬೇಸೇ ಐತಲ್ಲ."

ಇದು ಬ್ಯಾರೇ ಬಾಲ್ ರೀ ಸರ, ಬೇಸ್‌ಬಾಲ್, ಅಂದೆ. ಅದನ್ನೇ ನಾನೂ ಹೇಳಾಕತ್ತೀನಿ ಅಂದ್ರು ಅವರು. ಬಾಲ್ ಅಲ್ಲದ ಇನ್ನೂ ನಾಕು ಬೇಸ್ ಬೇಕ್ರಿ ಅಂದೆ. ನಾಕು ಬೇಸ್ ಏನು ಬೇಕು ಅಂದ್ರು. ಏನಿಲ್ರಿ, ಬರೇ ನಾಕು ಬೇಸ್ ಅಂದೆ. ಅವರು ನನ್ನ ಮಾರಿ ನೋಡಿ, ರಾತ್ರಿ ನಿದ್ದಿ ಆಗೈತಿಲ್ಲೋ ಅಂತ ವಿಚಾರಿಸಿದ್ರು.

ಬಾಜೂಕ ನಮ್ಮ ಸಾಲಿ ಕಮಿಟಿ ಅಧ್ಯಕ್ಷರು ಕುಂತಿದ್ರು. ಊರಿನ ದೊಡ್ಡ ಒಕ್ಕಲುತನದವರು, ತಕರಾರು ಜಗ್ಗಾಡೋದು ಅವರಿಗೆ ಸೇರಂಗಿಲ್ಲ. ಹೋಗ್ಲಿ ಬಿಡ್ರಿ ಸರ, ಮಾಸ್ತರ ಇಷ್ಟು ಹಟಾ ಹಿಡದಾನ ಅಂದ್ರ ಬೇಸ್ ನೋಡೇ ತರಸೋಣ ಅಂದ್ರು. ವಾರದ ಮ್ಯಾಲೆ ನಮ್ಮ ಜವಾನ ಸಿಂಧನೂರಿಗೆ ಹೋಗಿ ಚೀಲ ಹಿಡಕೊಂಡು ಬಂದ. ತಗದು ನೋಡಿದ್ರ ಹೊಸಾ ವಾಲಿಬಾಲ್. ನಾಕು ಅಂಗಡಿ ತಿರಗಿ ಆರಿಸಿ ತಂದೀನಿ, ಇದಕ್ಕಿಂತ ಬೇಸ್ ಬಾಲ್ ಇಡೀ ಸಿಂಧನೂರಾಗ ಸಿಗಂಗಿಲ್ಲ ಅಂತ ಆಣಿ ಮಾಡಿದ.

ಅವತ್ತೇ ನಮ್ಮ ಪಿ.ಟಿ. ಮಾಸ್ತರರ ವಾಟ್ಸಾಪ್ ಗುಂಪಿನ್ಯಾಗ ಲಿಂಗಸುಗೂರಿನವ ಫೋಟೋ ಹಾಕಿದ್ದ. ಹಟ್ಟಿ ಕಡೆ ಯಾರೋ ಪುಣ್ಯಾತ್ಮರು ಅವನ ಸಾಲಿಗೆ ಕೈಗೆ ಹಾಕೋ ಗ್ಲೌಸು, ಮಾರಿಗೆ ಹಾಕೋ ಜಾಳಿಗಿ, ಖರೆ ಬಾಲ್, ಎಲ್ಲಾ ಕೊಟ್ಟಿದ್ರು. ಎಲ್ಲಾರೂ ಕೆಳಗ ಹೂವಿನ ಚಿತ್ರ ಹಾಕಿದ್ರು, ನಾ ಫೋನೇ ಬಂದ್ ಮಾಡಿದೆ.

ಮುಂದ ತಾಲೂಕು ಮಟ್ಟದ ಆಟ ಬಂತು. ಬೇಸ್‌ಬಾಲಿಗೆ ಹೆಸರು ಕೊಟ್ಟಿದ್ದು ನಮ್ಮ ಸಾಲಿ ಒಂದೇ. ಎದುರಿಗೆ ಯಾರೂ ಇಲ್ಲ ಅಂದ್ರ ನೀವೇ ಗೆದ್ದಂಗ ಅಂತ ಬರಕೊಂಡು, ಕಪ್ಪು ಕೊಟ್ಟು ಕಳಿಸಿದ್ರು. ಬಾಲ್ ಚೀಲದಿಂದ ಹೊರಗ ತಗೀಲಾರದ ತಾಲೂಕಿಗೆ ಮೊದಲು ಬಂದ್ವಿ. ಹೆಡ್‌ಮಾಸ್ತರ್ರು ಕಪ್ಪು ಟೇಬಲ್ ಮ್ಯಾಲೆ ಇಟ್ಟು, ವಾಲಿಬಾಲ್ ಮ್ಯಾಲೆ ಕೈ ಆಡಿಸಿ, "ನೋಡಿದ್ರೇನ್ರಿ ಮಾಸ್ತರ, ಬಾಲ್ ಬೇಸಿದ್ರ ಹಿಂಗಾಗತೈತಿ," ಅಂದ್ರು.

೨. ಕದಿಯೋ ಆಟ

ಈ ಆಟದಾಗ ಒಂದು ಹಿಕಮತ್ತು ಐತಿ. ಬಾಲ್ ಒಗೆಯವ ಮೈಮರತಾಗ, ಮೂಲ್ಯಾಗ ನಿಂತ ಹುಡುಗ ಸದ್ದಿಲ್ಲದ ಮುಂದಿನ ಮೂಲಿಗೆ ಓಡಿಬಿಡಬೇಕು. ಅದಕ್ಕ ಬೇಸ್ ಕದಿಯೋದು ಅಂತಾರ. ಪುಸ್ತಕದಾಗ ಹಂಗೇ ಇತ್ತು, ನಾನೂ ಹಂಗೇ ಕಲಿಸಿದೆ.

ನನ್ನ ಹತ್ರ ಬಳಗಾನೂರು ಕಡಿಂದ ಬರೋ ಒಬ್ಬ ಹುಡುಗ ಇದ್ದ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವ. ಅವನಪ್ಪಂದು ಕಿರಾಣಿ ಅಂಗಡಿ, ಹಣಿ ತುಂಬ ವಿಭೂತಿ, ತಕ್ಕಡಿ ಒಂದು ಕಾಳಿನಷ್ಟೂ ಆಕಡಿ ಈಕಡಿ ಆಗಾಕ ಬಿಡಂಗಿಲ್ಲ ಅಂತ ಊರೆಲ್ಲ ಹೆಸರು. ಒಂದಿನ ಅವರು ಮಗನ ಓದು ಹೆಂಗೈತಿ ಕೇಳಾಕ ಸಾಲಿಗೆ ಬಂದ್ರು. ನನಗ ಖುಷಿ ತಡೀಲಿಲ್ಲ.

"ಸಾಹುಕಾರ್ರ, ನಿಮ್ಮ ಮಗನಂಥಾ ಕಳ್ಳ ಈ ತಾಲೂಕಿನ್ಯಾಗ ಇನ್ನೊಬ್ಬ ಇಲ್ರಿ," ಅಂದೆ.

ಅವರು ಖುರ್ಚಿ ಹುಡಿಕ್ಯಾಡಿ ಕುಂತ್ರು. ಏನು ಕದ್ದಾನ ಅಂತ ಸಣ್ಣ ದನಿಲೆ ಕೇಳಿದ್ರು. ನಿನ್ನೆ ಎರಡನೇದು ಕದ್ದ, ಮೂರನೇದು ಕದ್ದ, ಮನಿನೂ ಕದೀತಿದ್ದ, ಕಾಲು ಜಾರಿ ಸಿಕ್ಕಿಬಿದ್ದ, ಅಂದೆ. ಇದು ನಿಮಗ ಮದ್ಲೇ ಗೊತ್ತಿತ್ತೇನ್ರಿ ಅಂದ್ರು.

"ಗೊತ್ತಿರೋದೇನ್ರಿ, ನಾನೇ ಕಲಿಸೀನಿ," ಅಂದೆ, ಎದಿ ಉಬ್ಬಿಸಿ.

ಸಂಜೀಕ ಹುಡುಗನ ವರ್ಗಾವಣಿ ಪತ್ರ ತಗೊಂಡು, ಲಿಂಗಸುಗೂರಿನ್ಯಾಗ ತಂಗಿ ಮನ್ಯಾಗ ಇಟ್ರು. ಯಾವ ಸಾಲಿಗೆ ಸೇರಿಸಿದ್ರು ಅಂತ ಹೇಳಬೇಕಾಗಿಲ್ಲ. ಮುಂದಿನ ಜಿಲ್ಲಾ ಆಟದಾಗ ಆ ಹುಡುಗ ನಮ್ಮ ಕಣ್ಣೆದುರೇ ಒಂದೊಂದಾಗಿ ಎಲ್ಲಾ ಮೂಲಿ ಕದ್ದ. ಅವರಪ್ಪ ಮುಂದಿನ ಸಾಲಿನ್ಯಾಗ ಕುಂತು ಚಪ್ಪಾಳಿ ಹೊಡೀತಿದ್ರು. ನನಗ ತಡೀಲಿಲ್ಲ, ಆಟ ಮುಗದ ಮ್ಯಾಲೆ ಹುಡುಗನ ಬಾಜೂಕ ಕರದು, ಈಗ ಕದಿಯಾಕ ನಿಮ್ಮಪ್ಪ ಹೆಂಗ ಬಿಟ್ಟಾನಲೇ ಅಂತ ಕೇಳಿದೆ.

"ಇಲ್ಲಿ ಕದಿಯೋದಿಲ್ರಿ ಸರ," ಅಂದ ಅವ. "ಈ ಸರ ಅದಕ್ಕ ಮುಂದಿನ ಸ್ಟಾಪು ಅಂತಾರ."

೩. ಹದಿನೇಳರ ಮಗ್ಗಿ

ಲಿಂಗಸುಗೂರಿನವನ ಹತ್ರ ಏನೋ ಗುಟ್ಟು ಐತಿ ಅಂತ ನನಗ ಖಾತ್ರಿ ಆತು. ಒಂದು ಶನಿವಾರ ರಜಾ ಹಾಕಿ, ಮನ್ಯಾಗ ಕಚೇರಿ ಕೆಲಸ ಅಂತ ಹೇಳಿ, ತಲಿಗೆ ಟವೆಲ್ ಸುತ್ತಿಕೊಂಡು ಮಸ್ಕಿ ಮ್ಯಾಲಿಂದ ಲಿಂಗಸುಗೂರಿಗೆ ಬಸ್ ಹತ್ತಿದೆ. ಅವನ ಸಾಲಿ ಎದುರಿಗೆ ಒಂದು ಚಾದಂಗಡಿ ಇತ್ತು. ಅಲ್ಲಿ ಕುಂತು ಮೂರು ಚಾ ಕುಡದೆ, ಮಿರ್ಚಿ ತಿಂದೆ, ಕಣ್ಣು ಮಾತ್ರ ಮೈದಾನದ ಮ್ಯಾಲೆ.

ಮದ್ಲ ಏನೂ ವಿಶೇಷ ಕಾಣಲಿಲ್ಲ. ಆಮ್ಯಾಲೆ ಕಂಡ್ತು. ಅವನ ಹುಡುಗ್ರು ಬ್ಯಾಟು ಹಿಡದು ನಿಂದ್ರೋಕಿಂತ ಮದ್ಲ ತುಟಿ ಅಲ್ಲಾಡಿಸಿ ಏನೋ ಗುನುಗಾಕತ್ತಿದ್ರು. ಒಬ್ಬನಲ್ಲ, ಎಲ್ಲಾರೂ. ನೀರು ಕುಡಿಯಾಕ ಬಂದ ಒಬ್ಬ ಹುಡುಗಗ, ಏನು ಅನ್ನಾಕತ್ತೀರಪ್ಪ ಅಂತ ಕೇಳಿದ್ರ, ಹದಿನೇಳರ ಮಗ್ಗಿ ರೀ ಅಂದ. ಯಾಕ ಅಂತ ಕೇಳಬೇಕಿತ್ತು. ಹೊಟ್ಟೆಕಿಚ್ಚಿನವಗ ಅಷ್ಟು ಸಮಾಧಾನ ಎಲ್ಲಿರತೈತಿ. ಮುಂದಿನ ಬಸ್ಸಿಗೇ ತಿರುಗಿ ಬಂದೆ.

ಒಂದು ತಿಂಗಳು ನನ್ನ ಹುಡುಗರಿಗೆ ಬಾಲ್ ಮುಟ್ಟಾಕ ಕೊಡಲಿಲ್ಲ, ಬರೇ ಮಗ್ಗಿ. ಜಿಲ್ಲಾ ಆಟ ಬಂತು, ಎದುರಿಗೆ ಮತ್ತ ಅವನೇ. ನನ್ನ ಮೊದಲನೇ ಹುಡುಗ ಬ್ಯಾಟು ಹಿಡದು ನಿಂತು ಸುರು ಮಾಡಿದ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಕು. ಆರರ ತನಕ ಸರಳ ಬಂತು, ಏಳಕ್ಕ ನಿಂತುಬಿಡ್ತು. ಅಷ್ಟರಾಗ ಬಾಲ್ ಅವನ ಮೂಗಿನ ಮುಂದ ಹಾದುಹೋತು. ಮತ್ತ ಒಂದರಿಂದ ಹೊಂಟ, ಮತ್ತ ಏಳಕ್ಕ ಬಂದು ನಿಂತ, ಎರಡನೇ ಬಾಲೂ ಹೋತು. ಮೂರನೇ ಬಾಲ್ ಹೋದ್ರ ಔಟು. ನಾ ಹೊರಗಿಂದ ಬೊಟ್ಟು ಎಣಿಸಿ ತೋರಿಸಾಕತ್ತೀನಿ, ನನಗೂ ಆ ಹೊತ್ತಿಗೆ ಮರತೈತಿ. ಹಿಂದ ಬಾಲ್ ಹಿಡಿಯಾಕ ಕುಂತವ ಲಿಂಗಸುಗೂರಿನ ಹುಡುಗ. ಅವಗ ಪಾಪ ಅನ್ನಿಸಿ, ಕುಂತಲ್ಲಿಂದಲೇ, "ನೂರಾ ಹತ್ತೊಂಬತ್ತು," ಅಂದ.

ನನ್ನ ಹುಡುಗ ಸಂಸ್ಕಾರವಂತ. ತಿರುಗಿ ಥ್ಯಾಂಕ್ಸ್ ಅಂದ. ಬಾಲ್ ಹೋತು, ಔಟಾದ.

ಆಮ್ಯಾಲೆ ತಿಳೀತು. ಅವರ ಸಾಲಿ ಗಣಿತದ ಮಾಸ್ತರ, ಹದಿನೇಳರ ಮಗ್ಗಿ ಒಪ್ಪಿಸಿದವರನ್ನ ಮಾತ್ರ ಆಟಕ್ಕ ಬಿಡತೀನಿ ಅಂದಿದ್ದನಂತ, ಆಟಕ್ಕೂ ಮಗ್ಗಿಗೂ ಏನೂ ಸಂಬಂಧ ಇರಲಿಲ್ಲ. ಆದ್ರ ಆ ವರ್ಷ ನನ್ನ ಟೀಮಿನ ಅಷ್ಟೂ ಹುಡುಗ್ರು ಗಣಿತದಾಗ ಪಾಸಾದ್ರು. ಹೆಡ್‌ಮಾಸ್ತರ್ರು ನಮ್ಮ ಗಣಿತದ ಮಾಸ್ತರನ ಕರದು ಶಾಲು ಹೊಚ್ಚಿದ್ರು. ಅವತ್ತಿಂದ ಹೊಟ್ಟೆಕಿಚ್ಚು ಪಡಾಕ ನನಗ ಇಬ್ರಾದ್ರು.

೪. ಜೂನ್ ಒಂದು

ಒಂದು ವರ್ಷ ಅವನ ಟೀಮಿನ್ಯಾಗ ಬಾಲ್ ಒಗೆಯೋ ಹುಡುಗಗ ದಟ್ಟ ಮೀಸಿ ಬಂದಿತ್ತು. ನನಗೂ ಅಷ್ಟು ಮೀಸಿ ಇಲ್ಲ. ಇವ ಹೈಸ್ಕೂಲ್ ಹುಡುಗ ಅಲ್ಲವೇ ಅಲ್ಲ, ಮದುವಿ ವಯಸ್ಸಿನವ ಅಂತ ನಾ ಕಾಗದದಾಗ ಬರದು ತಕರಾರು ಕೊಟ್ಟೆ. ಆಟ ನಿಂತ್ತು. ಮ್ಯಾಲಿನ ಸಾಹೇಬ್ರು ಬಂದ್ರು, ಎರಡೂ ಕಡಿಯವರನ್ನ ಶಾಮಿಯಾನದಾಗ ಕರಿಸಿದ್ರು.

ಲಿಂಗಸುಗೂರಿನವ ನಕ್ಕೋತ ಆ ಹುಡುಗನ ಜನ್ಮ ಪತ್ರ ಮುಂದ ಇಟ್ಟ. ದವಾಖಾನಿದು, ಹುಟ್ಟಿದ ತಾಸು, ನಿಮಿಷ, ತೂಕ ಸಹಿತ ಬರದಿತ್ತು. ಹದಿನೈದು ತುಂಬಾಕ ಇನ್ನೂ ಎರಡು ತಿಂಗಳು ಬೇಕಿತ್ತು. ಸಾಹೇಬ್ರು ಓದಿ, ಹೆಂಗೂ ಬಂದೀನಿ, ನಿಮ್ಮ ಹುಡುಗರ ಕಾಗದಾನೂ ತರ್ರಿ ಅಂದ್ರು. ನಾ ಅವನ್ನ ಅವತ್ತಿನ ತನಕ ಬಿಚ್ಚಿ ನೋಡಿರಲಿಲ್ಲ.

ಹದಿನಾರು ಹುಡುಗರ ಪೈಕಿ ಹನ್ನೊಂದು ಮಂದಿ ಜೂನ್ ಒಂದನೇ ತಾರೀಖಿಗೆ ಹುಟ್ಟಿದ್ರು. ಸಾಹೇಬ್ರು ಚಷ್ಮಾ ತಗದು ಒರಸಿಕೊಂಡು ಮತ್ತ ನೋಡಿದ್ರು. ಇದು ಟೀಮೋ, ಒಬ್ಬಾಕಿ ಹಡದ ಮಕ್ಕಳೋ ಅಂತ ಕೇಳಿದ್ರು.

ನಾ ಇದ್ದದ್ದು ಹೇಳಿದೆ. ನಮ್ಮ ಕಡೆ ಕೂಲಿ ಮಾಡೋ ತಾಯಂದಿರು ಕೂಸು ಕರಕೊಂಡು ಸಾಲಿಗೆ ಬರತಾರ. ಯಾವಾಗ ಹುಟ್ಯಾನವ್ವಾ ಅಂದ್ರ, ನಾಟಿ ಹಚ್ಚೋ ಮುಂದ ಅಂತಾರ, ಇಲ್ಲಾಂದ್ರ ನಮ್ಮ ಎಮ್ಮಿ ಈದ ವಾರ ಅಂತಾರ. ಎಮ್ಮಿ ಯಾವಾಗ ಈದಿತ್ತು ಅಂತ ಯಾವ ರಿಜಿಸ್ಟರಿನ್ಯಾಗ ನೋಡೋದು? ಹೆಸರು ಹಚ್ಚೋ ಮಾಸ್ತರ ಲೆಕ್ಕಕ್ಕ ಸರಳ ಆಗಲಿ ಅಂತ ಜೂನ್ ಒಂದು ಬರದುಬಿಡತಾನ.

ಸಾಹೇಬ್ರು ಸಿಟ್ಟಿಗೇಳತಾರ ಅಂತ ಕಾದೆ. ಅವರು ಕಾಗದ ಮಡಚಿ ಕೆಳಗಿಟ್ರು. ಆಮ್ಯಾಲೆ ಮೆಲ್ಲಕ, "ನಂದೂ ಜೂನ್ ಒಂದೇರಿ," ಅಂದ್ರು. ಅವರ ಗುಮಾಸ್ತನೂ ನಂದೂ ಅಂದ. ಲಿಂಗಸುಗೂರಿನವ ನನ್ನ ಕಡೆ ಬೊಟ್ಟು ಮಾಡಿ, ನಮ್ಮಿಬ್ಬರದೂ ಅದೇರಿ, ಕಾಲೇಜಿನ್ಯಾಗ ಒಂದೇ ದಿನ ಹುಟ್ಟಿದ ಹಬ್ಬ ಮಾಡತಿದ್ವಿ ಅಂದ. ನನಗ ಹುಟ್ಟಿದ ದಿನಾನೂ ಅವನ ಸಂಗಾಟ ಪಾಲು ಹಂಚಿಕೊಂಡು ಬಂದೀನಲ್ಲ ಅಂತ ಸಂಕಟಾತು. ಸಾಹೇಬ್ರ ಟೇಬಲ್ ಸುತ್ತ ಇದ್ದವರಾಗ ಖರೆ ಹುಟ್ಟಿದ ದಿನಾ ಇದ್ದವ ಆ ಮೀಸಿ ಹುಡುಗ ಒಬ್ಬನೇ.

೫. ಗೆದ್ದ ದಿನ

ಹೋದ ವರ್ಷ ನನ್ನ ಮೊಣಕಾಲು ಕೈ ಕೊಟ್ತು. ಬಸ್ ಹತ್ತೋದು ಬಾಳ ತ್ರಾಸು, ಯಾರ ಸಾಲಿಗೂ ಹೋಗಿ ಕಳ್ಳಗಣ್ಣಿಲೆ ನೋಡಾಕ ಬರಂಗಿಲ್ಲ. ಮಾಡೋದೇನು, ಮೈದಾನದ ಬದೀಗೆ ಬೇವಿನ ಗಿಡದ ಕೆಳಗ ಖುರ್ಚಿ ಹಾಕ್ಕೊಂಡು ದಿನಾ ಸಂಜೀಕ ನನ್ನ ಹುಡುಗರನ್ನೇ ನೋಡಕೋತ ಕುಂತೆ. ಯಾವ ಹುಡುಗ ಎಡಗೈಲೆ ಚಲೋ ಒಗೀತಾನ, ಯಾವನು ಬಾಲ್ ಬಂದ ಕೂಡಲೇ ಕಣ್ಣು ಮುಚ್ಚತಾನ, ಎಲ್ಲಾ ಆ ವರ್ಷನೇ ನನಗ ಗೊತ್ತಾಗಿದ್ದು. ಅದಕ್ಕ ಇರಬೇಕು, ಜಿಲ್ಲಾ ಆಟದಾಗ ಒಬ್ಬೊಬ್ಬರನ್ನೇ ಸೋಲಿಸಿಕೋತ ಹೋಗಿ ಫೈನಲ್ಲಿಗೆ ಬಂದ್ವಿ.

ಆಟ ಮಸ್ಕಿಯೊಳಗ, ಗುಡ್ಡ ಕಾಣೋ ಮೈದಾನದಾಗ. ಎದುರಿಗೆ ಲಿಂಗಸುಗೂರು. ನಾವು ಒಂದು ಪಾಯಿಂಟ್ ಮುಂದ ಇದ್ವಿ, ಅವರ ಕಡೀ ಹುಡುಗ ಬ್ಯಾಟು ಹಿಡದು ನಿಂತಿದ್ದ. ಹೊಡದ ನೋಡ್ರಿ, ಬಾಲ್ ಗುಡ್ಡದ ಎತ್ತರ ಏರ್ತು. ಕೆಳಗ ನಿಂತವ ನಮ್ಮ ಟೀಮಿನ್ಯಾಗ ಎಲ್ಲಾರಿಗಿಂತ ಗಿಡ್ಡ ಹುಡುಗ, ಬಾಲ್ ಬಂದ್ರ ಕಣ್ಣು ಮುಚ್ಚತಿದ್ದನಲ್ಲ, ಅವ. ಅವತ್ತು ಕಣ್ಣು ತಗದೇ ನಿಂತ. ಎರಡೂ ಕೈಲೆ ಬಾಲ್ ಎದಿಗೆ ಅವಚಿಕೊಂಡು ಅಲ್ಲೇ ಕುಂತುಬಿಟ್ಟ. ನಾವು ಗೆದ್ವಿ.

ಹುಡುಗ್ರು ಕೂಗಾಡಿಕೋತ ನನ್ನ ಕಡೆ ಓಡಿ ಬಂದ್ರು, ಎತ್ತಾಕ ಕೈ ಹಾಕಿದ್ರು. ನಾ, "ಸರೀರಲೇ," ಅಂತ ಅವರನ್ನ ಬಾಜೂಕ ನೂಕಿ ಕುಂಟಿಕೋತ ಹೊಂಟೆ. ಇಷ್ಟು ವರ್ಷದಿಂದ ಕಾದಿದ್ದ ಮಾರಿ ನೋಡಬೇಕಿತ್ತು ನನಗ. ಅವನ ಖುರ್ಚಿ ಖಾಲಿ ಇತ್ತು. ಕೇಳಿದ್ರ, ಶಾಮಿಯಾನಗಳ ಹಿಂದ ಹೋದ್ರು ಅಂತ ಯಾರೋ ಅಂದ್ರು. ಅಳಾಕ ಹೋಗ್ಯಾನ ಅಂದುಕೊಂಡೆ. ಸುಳ್ಳು ಯಾಕ ಹೇಳಲಿ, ಕಪ್ಪು ಗೆದ್ದಾಗ ಆಗಲಾರದ ಖುಷಿ ಆಗ ಆತು.

ಮೊದಲನೇ ಶಾಮಿಯಾನದ ಬಟ್ಟಿ ಎತ್ತಿ ನೋಡಿದೆ, ಅಡಿಗಿಯವರು ಉಪ್ಪಿಟ್ಟು ತಿರುವಾಕತ್ತಿದ್ರು. ಎರಡನೇದ್ರಾಗ ಒಬ್ಬ ಅಂಪೈರು ಗೊರಕಿ ಹೊಡೀತಿದ್ದ. ಮೂರನೇದ್ರಾಗ ಬರೇ ಖುರ್ಚಿ ಒಟ್ಟಿದ್ರು. ಹಿಂಗ ಎಲ್ಲಾ ಹುಡಿಕಿ ತಿರುಗಿ ಬರೋದ್ರಾಗ, ಅವ ನನ್ನ ಹುಡುಗರ ನಡುವ ನಿಂತು ಅವರಿಗೆ ಪೇಡೆ ತಿನ್ನಿಸಾಕತ್ತಾನ. ಪೇಡೆ ತರಾಕ ಹೋಗಿದ್ದನಂತ. ನನ್ನ ನೋಡಿ ಓಡಿ ಬಂದು ತಬ್ಬಿಕೊಂಡ. ದೋಸ್ತ, ಎಲ್ಲಿ ಹೋಗಿದ್ದಿ, ನಿನ್ನ ಹುಡುಗ್ರು ಇವತ್ತು ಎಂಥಾ ಆಟ ಆಡಿದ್ರು ಅಂತ ಕಣ್ಣಾಗ ನೀರು ತಂದ. ಮಾರಿ ಮ್ಯಾಲೆ ಸೋತ ಗುರುತು ಎಳ್ಳಷ್ಟೂ ಇಲ್ಲ. ಇವಗ ಸೋಲಾಕೂ ನನಗಿಂತ ಚಲೋ ಬರತೈತಲ್ಲ ಅಂತ ಮತ್ತ ಹೊಟ್ಟಿ ಉರೀತು.

ಮರುದಿನ ಮುಂಜಾನೆ ನನ್ನ ಹೆಂಡ್ತಿ ಪೇಪರ್ ಬಿಚ್ಚಿದ್ಲು. ಫೋಟೋ ಬಂದಿತ್ತು, ಕೆಳಗ 'ತರಬೇತುದಾರರೊಂದಿಗೆ ವಿಜೇತ ತಂಡ' ಅಂತ ಬರದಿತ್ತು. ನಡುವ ಕಪ್ಪು, ಸುತ್ತ ನನ್ನ ಹದಿನಾರು ಹುಡುಗ್ರು, ಬಾಜೂಕ ನಕ್ಕೋತ ನಿಂತವ ಲಿಂಗಸುಗೂರಿನ ಮಾಸ್ತರ. ಫೋಟೋದವ, ಜೋಡಿಗೆ ಒಬ್ಬ ಮಾಸ್ತರ ಬೇಕು ಅಂದನಂತ. ನಾ ಎಲ್ಲೂ ಕಾಣಲಿಲ್ಲ ಅಂತ ಹುಡುಗ್ರೇ ಅವನ್ನ ಕೈ ಹಿಡದು ಎಳಕೊಂಡು ನಿಂದ್ರಿಸಿದ್ರಂತ.

ನೀವೆಲ್ಲಿ ಇದರಾಗ ಅಂತ ನನ್ನ ಹೆಂಡ್ತಿ ಹುಡಿಕಿದ್ಲು. ನಾ ಅಲ್ಲಿರಲಿಲ್ಲ ಅಂದೆ. ಅಕಿ ಚಷ್ಮಾ ಏರಿಸಿ, ಹಿಂದ ದೂರದಾಗ ಯಾವನೋ ಶಾಮಿಯಾನದ ಬಟ್ಟಿ ಎತ್ತಿ ಬಗ್ಗಿ ಹಣಿಕಿ ಹಾಕಾಕತ್ತಾನ ನೋಡ್ರಿ ಅಂದ್ಲು. ಇನ್ನೊಂದಿಷ್ಟು ಸಮೀಪ ಹಿಡದು ನೋಡಿ, ಈ ಅಂಗಿ ನಾ ಇಸ್ತ್ರಿ ಮಾಡಿದ್ದು ಅಂದ್ಲು. ಪೇಪರ್ ನನ್ನ ತೊಡಿ ಮ್ಯಾಲೆ ಇಟ್ಲು.

"ಗೆದ್ದ ದಿನಾನಾದ್ರೂ ನಿಮ್ಮ ಹುಡುಗರ ಬಾಜೂಕ ನಿಂದ್ರಬಾರದಿತ್ತೇನ್ರಿ?"

ನಾ ಪೇಪರ್ ಎತ್ತಿ ನೋಡಿದೆ. ಆ ಗಿಡ್ಡ ಹುಡುಗನ ಮಾರಿ ಫೋಟೋದಾಗ ಎಷ್ಟು ಹೊಳೀತಿತ್ತು, ನಾ ಅದನ್ನ ಅವತ್ತು ನೋಡಿರಲೇ ಇಲ್ಲ.

ಹೆಡ್‌ಮಾಸ್ತರ್ರು ಮಾತ್ರ ಆ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಆಫೀಸಿನ್ಯಾಗ ತೂಗು ಹಾಕ್ಯಾರ. ಸಾಲಿಗೆ ಬಂದ ದೊಡ್ಡ ಮಂದಿ ಎಲ್ಲಾ ಅದರ ಮುಂದ ನಿಂತು, ಈ ಮಾಸ್ತರ ಮಾರಿ ಮ್ಯಾಲೇ ಕಳಾ ಐತಿ ನೋಡ್ರಿ, ಅದಕ್ಕ ಹುಡುಗ್ರು ಗೆದ್ದಾರ ಅಂತಾರ. ನಮ್ಮ ಜವಾನಗ ಸಾಲಿ ಮ್ಯಾಲೆ ಅಭಿಮಾನ ಜಾಸ್ತಿ, ಸುಮ್ಮನಿರಂಗಿಲ್ಲ. ಸ್ಟೂಲ್ ಹತ್ತಿ, ಕಾಜಿನ ಮ್ಯಾಲೆ ಬೊಟ್ಟಿಟ್ಟು, ಎಲ್ಲಾರಿಗೂ ತಿಳಿಸಿ ಹೇಳತಾನ.

"ಅವರು ಲಿಂಗಸುಗೂರಿನವ್ರು ರೀ. ನಮ್ಮ ಸರ ಇವರು ನೋಡ್ರಿ, ಈ ಬೆನ್ನು."